ಪಟ್ಟಿಯಲ್ಲಿ ಇಲ್ಲದ ಸೊನ್ನೆ

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಪರೀಕ್ಷಕರು ಅಂದು ಕೊಟ್ಟ ಐದು ಅಂಕಿಗಳಲ್ಲಿ ಮೊದಲನೆಯದು ಮೈನಸ್ ಏಳೋ ಮೈನಸ್ ಒಂಬತ್ತೋ, ನನ್ನ ನೆನಪಿನಲ್ಲಿ ಖಚಿತವಿಲ್ಲ. ನೀಲಾ ತೊಟ್ಟಿದ್ದು ನನ್ನ ಹಳೆಯ ಹಸಿರು ಚೂಡಿದಾರ ಎಂದು ನೆನಪು, ಅದು ಬೇರೆ ದಿನದ್ದೂ ಇರಬಹುದು. ನಾನು ಆಡಿದ ಮಾತು ಮಾತ್ರ ಅಕ್ಷರ ತಪ್ಪದೆ ನೆನಪಿದೆ.

"ನಾ ಹೇಳೀನ್ರಿ ಸರ್. ಆಕಿ ತಲಿಗಿ ಹತ್ತಂಗಿಲ್ಲ."

ಅದು ಸುಳ್ಳು. ನಾನು ಹೇಳಿರಲಿಲ್ಲ. ಹೇಳಿದವಳು ಆಕೆ — ಕೇಳಿಸಿಕೊಂಡು ಕದ್ದವಳು ನಾನು.

ಹೈಸ್ಕೂಲಿನಿಂದ ಡೈರಿ ಬರೆಯುತ್ತೇನೆ. ಮೊನ್ನೆ ಆ ವರ್ಷದ ಡೈರಿ ತೆಗೆದು ಆ ದಿನದ ಪುಟ ನೋಡಿದೆ. ಎರಡೇ ಸಾಲು ಇವೆ: "ಸಿ ಲ್ಯಾಬ್ ಚೆನ್ನಾಗಿ ಆಯಿತು. ಎಕ್ಸ್‌ಟರ್ನಲ್ ಎಲ್ಲರೆದುರು ಹೊಗಳಿದರು." ನೀಲಾಳ ಹೆಸರಿಲ್ಲ. ಇಪ್ಪತ್ತು ವರ್ಷದ ಹುಡುಗಿ ತನ್ನ ಡೈರಿಗೂ ಸುಳ್ಳು ಹೇಳಬಲ್ಲಳು ಎಂಬುದು ನನಗೆ ಆ ಪುಟದಿಂದ ತಿಳಿಯಿತು. ಹಾಗಾಗಿ ಈಗ ಬರೆಯುತ್ತಿರುವುದನ್ನೂ ಪೂರ್ತಿ ನಂಬಬೇಡಿ. ನನ್ನ ವಿರುದ್ಧ ಇರುವಷ್ಟನ್ನು ನಂಬಿ.

ನೀಲಗಂಗಾ ನನ್ನ ಕಾಕನ ಮಗಳು, ನನಗಿಂತ ಎಂಟು ತಿಂಗಳಿಗೆ ಚಿಕ್ಕವಳು. ಕಾಕನದು ತೆಲುಗು ಗಡಿಯ ಕುಂಚಾವರಂನಲ್ಲಿ ಕಿರಾಣಿ ಅಂಗಡಿ. ಪಿಯುಸಿ ಮುಗಿಸಿ ನಾನು ಬಿಸಿಎ ಸೇರಿದ ತಿಂಗಳಿಗೆ, ಆಕೆಯೂ ನನ್ನ ತರಗತಿಯಲ್ಲೇ ಓದಲಿ ಎಂದು ಕಾಕ ತಂದು ಸೇಡಂನ ನಮ್ಮ ಮನೆಯಲ್ಲಿ ಬಿಟ್ಟ. ಅಪ್ಪ ತಹಶೀಲ್ ಕಚೇರಿಯಲ್ಲಿ ಗುಮಾಸ್ತ. ಅದುವರೆಗೆ ನಮ್ಮ ಇಡೀ ಬಳಗದಲ್ಲಿ 'ಕಂಪ್ಯೂಟರ್ ಓದಾಕಿ' ಎಂದರೆ ನಾನೊಬ್ಬಳೇ. ನೆಂಟರು ಬಂದರೆ ಅವ್ವ ನನ್ನನ್ನು ಕರೆದು ನಿಲ್ಲಿಸುತ್ತಿದ್ದಳು. ನೀಲಾ ಬಂದ ಮೇಲೆ ಇಬ್ಬರನ್ನೂ ಕರೆಯತೊಡಗಿದಳು. ಇಷ್ಟೇ — ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆಕೆಯ ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ಎಣಿಸುವಾಗ ಪೂರ್ತಿ ತೆಲುಗೇ: ಒಕಟಿ, ರೆಂಡು, ಮೂಡು. ಗೆಳತಿಯರ ಎದುರು ನಾನು ಅದನ್ನು ಅಣಕಿಸುತ್ತಿದ್ದೆ. ಆಕೆಯೂ ನಗುತ್ತಿದ್ದಳು, ಅಥವಾ ನಗುತ್ತಿದ್ದಳು ಎಂದು ನಾನು ನೆನಪಿಟ್ಟುಕೊಂಡಿದ್ದೇನೆ.

ನಮ್ಮ ಕಾಲೇಜಿನಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಯುವ ರೀತಿ ಹೀಗಿತ್ತು. ಹನ್ನೆರಡು ಪ್ರೋಗ್ರಾಂ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಈ ವರ್ಷದವರ ಕೈಗೆ ಬರುತ್ತಿತ್ತು, ಅದನ್ನು ನೋಡಿ ನಾವು ನಮ್ಮ ರೆಕಾರ್ಡ್ ಬರೆಯುತ್ತಿದ್ದೆವು. ಅವರೂ ಹಾಗೇ ಬರೆದಿದ್ದರು. ಹನ್ನೆರಡನ್ನೂ ಬಾಯಿಪಾಠ ಮಾಡುತ್ತಿದ್ದೆವು. ಹ್ಯಾಶ್ ಇಂಕ್ಲೂಡ್‌ನಿಂದ ಹಿಡಿದು ಕೊನೆಯ ಗೆಟ್-ಸಿಎಚ್ ತನಕ, ನಡುವೆ ಉಸಿರು ತೆಗೆದುಕೊಳ್ಳುವ ಜಾಗವೂ ಗೊತ್ತು. ಪರೀಕ್ಷೆಯ ದಿನ ಚೀಟಿ ಎತ್ತಬೇಕು. ಬಂದ ಪ್ರೋಗ್ರಾಂ ಮೊದಲು ಕಾಗದದ ಮೇಲೆ ಬರೆದು ಕೊಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ಹಾಕಬೇಕು. ಕಾಗದಕ್ಕೂ ಪರದೆಗೂ ಒಂದಕ್ಷರ ಫರಕು ಕಂಡರೆ ಲ್ಯಾಬ್ ಸರ್ ಕೆಂಪು ಪೆನ್ನು ಎತ್ತುತ್ತಿದ್ದರು. ರೆಕಾರ್ಡಿನಲ್ಲಿ ಪ್ರತಿ ಪ್ರೋಗ್ರಾಮಿನ ಕೊನೆಗೆ ಕೊಡಬೇಕಾದ ಅಂಕಿಗಳೂ ಇರುತ್ತಿದ್ದವು. ಅವುಗಳನ್ನೂ ನಾವು ಬದಲಿಸುತ್ತಿರಲಿಲ್ಲ. ವರ್ಷವರ್ಷವೂ ಅವೇ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು.

ನೀಲಾ ಬಾಯಿಪಾಠ ಮಾಡುತ್ತಿರಲಿಲ್ಲ. ನಮ್ಮ ಪಡಸಾಲೆಗೆ ಶಹಾಬಾದಿ ಪರಸಿ, ಚೌಕ ಚಪ್ಪಡಿ ಕಲ್ಲು, ಹಾಸಿತ್ತು. ಆಕೆ ಸಾಲಾಗಿ ಐದು ಕಲ್ಲು ಹಿಡಿದು, ಒಂದೊಂದರ ಮೇಲೂ ಬಳಪದಿಂದ ಒಂದೊಂದು ಅಂಕಿ ಬರೆದು, ಪಕ್ಕದ ಕಲ್ಲನ್ನು ಬೇರೆ ಖಾನೆ ಮಾಡಿಕೊಂಡು, ಮೊಣಕಾಲೂರಿ ಕಲ್ಲಿನಿಂದ ಕಲ್ಲಿಗೆ ಸರಿಯುತ್ತಿದ್ದಳು. ಕಂಪ್ಯೂಟರು ಏನು ಮಾಡುತ್ತದೋ ಅದನ್ನೆಲ್ಲ ತಾನು ಮಾಡಿ ನೋಡುವುದು. ಬರೆ, ಒರೆಸು, ಮತ್ತೆ ಬರೆ. ಅವ್ವ ಬೈಯುತ್ತಿದ್ದಳು: "ಏ ನೀಲಾ, ಕುಂಟಾಬಿಲ್ಲಿ ಆಡೋ ವಯಸ್ಸೇನ ನಿಂದು? ಈಗ ಸಾರಿಸಿನಿ, ಆಗಲೇ ಗೀಚಿದಿ." ನಾನು ಕುರ್ಚಿಯ ಮೇಲೆ ಕುಳಿತು, ಕಾಲು ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ನನ್ನ ಹನ್ನೆರಡನ್ನು ಒಪ್ಪಿಸಿಕೊಳ್ಳುತ್ತಿದ್ದೆ.

ಪರೀಕ್ಷೆಯ ಹಿಂದಿನ ದಿನ, ಒಂದು ಭಾನುವಾರ, ಮಧ್ಯಾಹ್ನ. ಕರೆಂಟಿರಲಿಲ್ಲ. ಆಕೆ ನಾಲ್ಕನೆಯ ಪ್ರೋಗ್ರಾಂ ಹಿಡಿದಿದ್ದಳು. ತೀರ ಸಣ್ಣದು: ಐದು ಅಂಕಿ ಕೊಟ್ಟರೆ ಅದರಲ್ಲಿ ಅತಿ ದೊಡ್ಡದು ಯಾವುದೆಂದು ಹೇಳಬೇಕು. ಒಂದು ಖಾನೆಯಲ್ಲಿ 'ಇದುವರೆಗಿನ ದೊಡ್ಡದು' ಎಂದು ಒಂದು ಅಂಕಿ ಇಟ್ಟುಕೊಳ್ಳುವುದು, ಪಟ್ಟಿಯ ಒಂದೊಂದನ್ನೂ ಅದರೊಂದಿಗೆ ಹೋಲಿಸುವುದು, ದೊಡ್ಡದು ಸಿಕ್ಕರೆ ಖಾನೆಯಲ್ಲಿ ಅದನ್ನು ಇಡುವುದು. ಶುರುವಿಗೆ ಆ ಖಾನೆಯಲ್ಲಿ ಏನಿರಬೇಕು? ನಮ್ಮ ರೆಕಾರ್ಡಿನಲ್ಲಿ ಸೊನ್ನೆ ಇತ್ತು. ನಮಗಿಂತ ಮೊದಲಿನವರ ರೆಕಾರ್ಡಿನಲ್ಲೂ ಸೊನ್ನೆಯೇ ಇತ್ತು. ಹತ್ತು, ಇಪ್ಪತ್ತು, ಮೂವತ್ತು ಕೊಡುವವರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ.

ನೀಲಾ ಮೊಣಕಾಲ ಮೇಲೇ ನನ್ನ ಕಡೆ ತಿರುಗಿದಳು.

"ಅಕ್ಕಾ, ಎಲ್ಲಾ ಮೈನಸ್ ಇದ್ರ?"

"ಏನು ಎಲ್ಲಾ?"

"ಐದೂ ಅಂಕಿ ಮೈನಸ್ ಕೊಟ್ರ, ಇದು ಸೊನ್ನಿ ಅಂತದ ನೋಡು. ಸೊನ್ನಿ ಈ ಐದರಾಗ ಇಲ್ಲೇ ಇಲ್ಲ. ಪಟ್ಟ್ಯಾಗ ಇರಲಾರದ್ದು ಉತ್ತರಾ ಹ್ಯಾಂಗ ಆಗ್ತದ? ಮೊದಲನೇ ಅಂಕೀನೇ ಇಟ್ಟು ಶುರು ಮಾಡಬೇಕು. ಖರೇನಿಲ್ಲೊ?"

ಕುರ್ಚಿಯಿಂದ ಬಗ್ಗಿ ನೋಡಿದೆ. ಐದು ಕಲ್ಲು, ಐದು ಮೈನಸ್, ಪಕ್ಕದ ಕಲ್ಲಿನಲ್ಲಿ ಕದಲದೆ ಕುಳಿತ ಒಂದು ಸೊನ್ನೆ. ನನಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಆಕೆ ಹೇಳಿದ್ದು ಸರಿಯೆಂದೂ ಅರ್ಥವಾಯಿತು. ವರ್ಷವೆಲ್ಲ ಒಪ್ಪಿಸಿದರೂ ನನಗದು ಹೊಳೆದಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ ಎಂಬುದೂ. ಅದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ, ನನಗೆ ಕಿಚ್ಚಿನ ಹಾಗೆ ಇರಲಿಲ್ಲ, ತಣ್ಣಗಿತ್ತು.

"ನಿನ್ನ ಶಾಣ್ಯಾತನ ಕುಂಚಾವರಂದಾಗ ಇಟ್ಕೊ," ಎಂದೆ. "ರೆಕಾರ್ಡದಾಗ ಹ್ಯಾಂಗ ಅದ ಹಂಗ ಬರಿ. ಇಲ್ಲಾಂದ್ರ ಸರ್ ಮಾರ್ಕ್ ಕಡಿತಾರ. ಇಷ್ಟು ವರ್ಷದಿಂದ ಬರದವರೆಲ್ಲ ಹುಚ್ಚರೇನು?"

"ನೀ ಅಂದ್ರ ಹಂಗೇ ಇರ್ತದ ಬಿಡು," ಎಂದಳು. ನನ್ನನ್ನು ನಂಬಿದಳು. ಒದ್ದೆ ಬಟ್ಟೆ ತಂದು ಆರೂ ಕಲ್ಲು ಒರೆಸಿದಳು.

ಸಂಜೆ ಆಕೆ ನೀರಿಗೆ ಹೋದಾಗ ನಾನು ಹನ್ನೆರಡೂ ಪ್ರೋಗ್ರಾಂ ತಿರುವಿ ನೋಡಿದೆ. ಅದೇ ಉಪಾಯ ಒಟ್ಟು ನಾಲ್ಕು ಪ್ರೋಗ್ರಾಮಿನಲ್ಲಿ ಬೇಕಿತ್ತು. ನಾಲ್ಕನ್ನೂ ಮನಸ್ಸಿನಲ್ಲಿ ತಿದ್ದಿಕೊಂಡೆ. ಸೊನ್ನೆ ತೆಗೆದು ಮೊದಲನೆಯ ಅಂಕಿ ಇಟ್ಟೆ. ರೆಕಾರ್ಡ್ ಪುಸ್ತಕದಲ್ಲಿ ತಿದ್ದಲಿಲ್ಲ — ಆಕೆ ಅದನ್ನು ನೋಡುತ್ತಿದ್ದಳಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ನಡೆಯುವಾಗ ಆಕೆ ಇನ್ನೊಮ್ಮೆ ಕೇಳಿದಳು. "ಅಕ್ಕಾ, ನೀನೂ ಸೊನ್ನೀನೇ ಬರಿತಿ, ಹೌದಿಲ್ಲೊ?"

"ಹೂಂ."

ಇಷ್ಟು ಸಣ್ಣ ಮಾತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಚೀಟಿ ಎತ್ತಿದೆವು. ಚೀಟಿಯಲ್ಲಿ ನನ್ನ ಕೈವಾಡವಿಲ್ಲ, ಅಷ್ಟು ಮಾತ್ರ ನನ್ನ ಪರವಾಗಿ ಇದೆ, ಅದರಿಂದ ಏನೂ ಆಗುವುದಿಲ್ಲ. ನನಗೆ ಬಂದದ್ದು ಮೂರು ಸಾಲು ಮೂರು ಕಂಬದ ಅಂಕಿಗಳಲ್ಲಿ ದೊಡ್ಡದನ್ನು ಹುಡುಕುವುದು. ಆಕೆಗೆ ಅದೇ ನಾಲ್ಕನೆಯದು. ಇಬ್ಬರೂ ಅಕ್ಕಪಕ್ಕದ ಕಂಪ್ಯೂಟರು. ಎಕ್ಸ್‌ಟರ್ನಲ್ ಕಲಬುರಗಿಯಿಂದ ಬಂದ ಹೊರಗಿನ ಪರೀಕ್ಷಕರು, ವಯಸ್ಸಾದವರು, ಸಣ್ಣ ದನಿ. ಲ್ಯಾಬ್ ಸರ್ ಅವರಿಗೆ ನಮ್ಮನ್ನು ತೋರಿಸಿ, "ಇಬ್ಬರೂ ಅಕ್ಕತಂಗೇರು ಸರ್, ಒಂದೇ ಮನ್ಯಾಗ ಇರ್ತಾರ," ಎಂದರು.

ಅವರು ಮೊದಲು ನನ್ನ ಹತ್ತಿರ ನಿಂತರು. ರೆಕಾರ್ಡಿನ ಅಂಕಿಗಳನ್ನು ಹಾಕಲು ಕೈ ಎತ್ತಿದರೆ ತಡೆದರು. "ಅವು ಬ್ಯಾಡಮ್ಮ. ಎಲ್ಲಾ ಮೈನಸ್ ಕೊಡು ನೋಡೋಣ." ಕೊಟ್ಟೆ. ಉತ್ತರ ಸರಿ ಬಂತು. ಅವರ ಹುಬ್ಬು ಮೇಲೇರಿತು. ಬೆಳಗಿನಿಂದ ಯಾರ ಪ್ರೋಗ್ರಾಮೂ ಅಲ್ಲಿ ದಾಟಿರಲಿಲ್ಲವಂತೆ. "ಎಲ್ಲಾರೂ ಸೊನ್ನಿ ಇಟ್ಟಾರ. ನೀ ಯಾಕ ಇಡಲಿಲ್ಲ?"

ನಾನು ಹೇಳಿದೆ. ಸ್ಪಷ್ಟವಾಗಿ, ಪಕ್ಕದ ಕುರ್ಚಿಗೆ ಕೇಳಿಸುವಷ್ಟು: "ಪಟ್ಟ್ಯಾಗ ಇರಲಾರದ್ದು ಉತ್ತರಾ ಆಗಬಾರದ್ರಿ ಸರ್."

ಅವರು ಲ್ಯಾಬಿನ ಎಲ್ಲರನ್ನೂ ಕರೆದು ಆ ಮಾತನ್ನು ಕೇಳಿಸಿದರು. ನೀಲಾ ತನ್ನ ನೀಲಿ ಪರದೆಯಿಂದ ಮುಖ ತಿರುಗಿಸಲಿಲ್ಲ. ಕಿವಿಯ ಹಿಂದಿನ ಕೂದಲು, ಕಿವಿ, ಕುತ್ತಿಗೆ — ನಾನು ನೋಡಿದ್ದು ಅಷ್ಟೇ.

ಆಮೇಲೆ ಆಕೆಯ ಸರದಿ. ಮೈನಸ್ ಏಳು — ಅಥವಾ ಒಂಬತ್ತು — ಮತ್ತೆ ನಾಲ್ಕು ಅಂಕಿ. ಪರದೆಯ ಮೇಲೆ ಸೊನ್ನೆ ಬಂತು.

"ಈ ಸೊನ್ನಿ ಎಲ್ಲಿಂದ ಬಂತಮ್ಮ? ನಾ ಕೊಟ್ಟಿಲ್ಲಲ್ಲ."

ಆಕೆಯ ಬಲಗೈ ಕೀಬೋರ್ಡಿನ ಕಡೆ ಹೋಯಿತು. ಇದು ನನಗೆ ಚೆನ್ನಾಗಿ ನೆನಪಿದೆ, ಇದರ ಬಗ್ಗೆ ಅನುಮಾನವಿಲ್ಲ. ಎಲ್ಲಿ ತಿದ್ದಬೇಕೆಂದು ಆಕೆಗೆ ಗೊತ್ತಿತ್ತು. ಆ ಕೋಣೆಯಲ್ಲಿ ಅದು ಮೊದಲು ಗೊತ್ತಾದದ್ದೇ ಆಕೆಗೆ. ಕೆಂಪು ಪೆನ್ನಿನ ಹಂಗೂ ಬಿಟ್ಟು ಒಂದೇ ಸಾಲು ಬದಲಿಸಿದ್ದರೆ ಸಾಕಿತ್ತು. ಅಷ್ಟರಲ್ಲಿ ಎಕ್ಸ್‌ಟರ್ನಲ್ ನನ್ನ ಕಡೆ ತಿರುಗಿ, ಬೈಗುಳವೇನಲ್ಲ, ಸುಮ್ಮನೆ ತಮಾಷೆಗೆ, "ನಿನಗ ಇಷ್ಟ ಛಲೋ ಬರ್ತದ, ತಂಗಿಗಿ ಒಂದೀಟು ಹೇಳಿಕೊಡಬಾರದೇನಮ್ಮ?" ಎಂದರು.

ಆಗ ನಾನು ಹೇಳಿದೆ. ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಬರೆಯಲಾರೆ.

ಆಕೆಯ ಕೈ ಕೀಬೋರ್ಡಿನಿಂದ ಹಿಂದೆ ಬಂದು ಮಡಿಲಲ್ಲಿ ಕುಳಿತಿತು. ಎಕ್ಸ್‌ಟರ್ನಲ್ ಒಂದು ಕ್ಷಣ ಕಾದರು. "ಆಯ್ತಮ್ಮ," ಎಂದು ಮುಂದೆ ಹೋದರು.

ನೀಲಾ ನಪಾಸಾಗಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಪರೀಕ್ಷೆಯೇ ಆಕೆಯ ಓದು ನಿಲ್ಲಿಸಿತು ಎಂದು ನಮ್ಮ ಮನೆಯಲ್ಲಿ ಇಂದಿಗೂ ನಂಬುತ್ತಾರೆ. ಕಡಿಮೆ ಅಂಕ, ಆದರೆ ಪಾಸು. ಓದು ನಿಲ್ಲಿಸಿದ್ದು ನಾನು.

ಮನೆಗೆ ಬಂದು ಅದನ್ನು ಕಥೆ ಮಾಡಿ ಹೇಳಿದೆ. ಎಕ್ಸ್‌ಟರ್ನಲ್ ಅವರ ಸಣ್ಣ ದನಿ ತೆಗೆದು "ಈ ಸೊನ್ನಿ ಎಲ್ಲಿಂದ ಬಂತಮ್ಮ?" ಎಂದರೆ ಅಪ್ಪ, ಅವ್ವ ಎಲ್ಲರೂ ನಕ್ಕರು. ಎರಡೇ ದಿನದಲ್ಲಿ ಆಕೆಯ ಹೆಸರು ಸೊನ್ನಿ ಆಯಿತು. "ಸೊನ್ನಿ, ಚಾ ತಗೊಂಬಾ." "ಸೊನ್ನಿ ಎಲ್ಲಿ ಹೋದ್ಲು?" ಅವ್ವ ಪ್ರೀತಿಯಿಂದಲೇ ಕರೆಯುತ್ತಿದ್ದಳು, ನನ್ನ ಹೊರತು ಆ ಮನೆಯಲ್ಲಿ ಆಕೆಯನ್ನು ದ್ವೇಷಿಸುವವರು ಯಾರೂ ಇರಲಿಲ್ಲ. ಆಕೆ ಕರೆದಾಗಲೆಲ್ಲ "ಹಾಂ" ಎಂದು ಬರುತ್ತಿದ್ದಳು. ಪರಸಿಯ ಮೇಲೆ ಬರೆಯುವುದನ್ನು ಬಿಟ್ಟಳು. ಅವ್ವನಿಗೆ ಅದೂ ಖುಷಿಯೇ.

ಫಲಿತಾಂಶ ಬಂದ ವಾರ ಕಾಕ ಬಂದ. ಕೈಯಲ್ಲಿ ಕಾಡಿನ ಸೀತಾಫಲದ ಚೀಲ. ಮಗಳ ಅಂಕಗಳ ಬಗ್ಗೆ ಆತ ಅಪ್ಪನನ್ನು ಕೇಳಲಿಲ್ಲ, ಆಕೆಯನ್ನೂ ಕೇಳಲಿಲ್ಲ. ನನ್ನನ್ನು ಎದುರಿಗೆ ಕೂಡಿಸಿಕೊಂಡು, ಓದಿದವರೊಂದಿಗೆ ಮಾತಾಡುವ ಮರ್ಯಾದೆಯಲ್ಲಿ ಕೇಳಿದ. "ನೀ ಹೇಳವ್ವಾ. ನನಗ ಅದರಾಗಿಂದು ಏನೂ ತಿಳಿಯಂಗಿಲ್ಲ. ಈಕಿ ಕೈಲೆ ಆಗ್ತದೇನು? ಆಗ್ತದ ಅಂದ್ರ ನಾ ಏನರ ಮಾಡಿ ಓದಸ್ತೀನಿ."

ಅಡುಗೆಮನೆಯಲ್ಲಿ ನೀಲಾ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತಿತು.

ನನಗೆ ಯೋಚಿಸಲು ಸಮಯವಿತ್ತು. ಲ್ಯಾಬಿನಲ್ಲಿ ಇರಲಿಲ್ಲ ಎಂದುಕೊಳ್ಳಬಹುದು, ಇಲ್ಲಿ ಇತ್ತು. ಕಾಕ ಕಾಯುತ್ತಿದ್ದ. ಗೋಡೆಯಾಚೆ ಆಕೆಯೂ ಕಾಯುತ್ತಿದ್ದಳು.

"ಇಲ್ಲ ಕಾಕಾ," ಎಂದೆ. "ಸುಮ್ನ ಆಕಿ ವರ್ಷ ಹಾಳಾಗ್ತಾವ."

ಕಾಕ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು, ಮೊದಲಿನ ಲಯದಲ್ಲೇ. ಮೂರನೆಯ ದಿನ ಅಪ್ಪಮಗಳು ಊರ ಕಡೆಯ ಚಿಂಚೋಳಿ ಬಸ್ಸು ಹತ್ತಿದರು. ಹೋಗುವಾಗ ನೀಲಾ ನನ್ನ ಹಸಿರು ಚೂಡಿದಾರ ಒಗೆದು, ಮಡಚಿ, ನನ್ನ ಹಾಸಿಗೆಯ ಮೇಲಿಟ್ಟು ಹೋಗಿದ್ದಳು. ಇದು ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ — ಗೊತ್ತಿಲ್ಲ.

ಆಕೆಯ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಬಂದಾಗ ನಾನೂ ಇದ್ದೆ. ಎಷ್ಟು ಓದಿದ್ದಾಳೆ ಎಂದು ಕೇಳಿದರು. "ಬಿಸಿಎ ಸೊನ್ನಿ ತನಕ," ಎಂದೆ. ಎಲ್ಲರೂ ನಕ್ಕರು. ಅರ್ಥವಾಗದ ಗಂಡಿನ ಕಡೆಯವರೂ ನಕ್ಕರು. ಇದಕ್ಕೆ ಯಾವ ಪರೀಕ್ಷೆಯ ಒತ್ತಡವೂ ಇರಲಿಲ್ಲ. ಆ ಹೊತ್ತಿಗೆ ನಾನು ಎಂಸಿಎ ಮುಗಿಸಿದ್ದೆ.

ಈಗ ನಾನು ಸೇಡಂನಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸಿ ಕಲಿಸುತ್ತೇನೆ. ಪ್ರತಿ ವರ್ಷ ಒಂದು ದಿನ ಬೋರ್ಡಿನ ಮೇಲೆ ಆ ನಾಲ್ಕನೆಯ ಪ್ರೋಗ್ರಾಂ ಸೊನ್ನೆ ಸಮೇತ ಬರೆದು, "ಇದರಲ್ಲಿ ತಪ್ಪು ಹುಡುಕಿ," ಎಂದು ಕೈಕಟ್ಟಿ ನಿಲ್ಲುತ್ತೇನೆ. ಯಾರಿಗೂ ಸಿಗುವುದಿಲ್ಲ. ಹತ್ತು ನಿಮಿಷ ಅವರ ಮುಖ ನೋಡುವುದು ನನಗೆ ಇಷ್ಟ. ಆಮೇಲೆ ಪಟ್ಟಿಯಲ್ಲಿ ಇಲ್ಲದ್ದು ಉತ್ತರವಾಗಬಾರದು ಎಂದು ಹೇಳಿ, "ಇದು ನಾನು ನಿಮ್ಮ ವಯಸ್ಸಿನಲ್ಲಿದ್ದಾಗ ನನಗೇ ಹೊಳೆದದ್ದು," ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಎಷ್ಟು ವರ್ಷ ಹೀಗೆ ಹೇಳಿದೆನೆಂದರೆ, ನಡುವೆ ಕೆಲವು ವರ್ಷ ನಾನೂ ಅದನ್ನು ನಂಬಿದ್ದೆ.

ಈ ವರ್ಷ ನೀಲಾಳ ಮಗಳು ಅಕ್ಷತಾ ನಮ್ಮ ಕಾಲೇಜಿಗೆ ಸೇರಿದಳು. ನೀಲಾಳ ಗಂಡನಿಗೆ ವಾಡಿಯಲ್ಲಿ ರೈಲ್ವೆ ಕೆಲಸ. ಹುಡುಗಿ ದಿನಾ ರೈಲಿನಲ್ಲಿ ಚಿತ್ತಾಪುರ ದಾಟಿ ಬಂದು ಹೋಗುತ್ತಾಳೆ. ನಾನು ಎಂದಿನಂತೆ ಬೋರ್ಡಿನ ಮೇಲೆ ಬರೆದು ತಿರುಗಿ ನಿಂತೆ. ಕೈಕಟ್ಟುವುದರೊಳಗೆ ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತು.

"ಮೇಡಂ, ಸೊನ್ನಿ ಪಟ್ಟ್ಯಾಗೇ ಇಲ್ಲ. ಪಟ್ಟ್ಯಾಗ ಇರಲಾರದ್ದು ಉತ್ತರಾ ಹ್ಯಾಂಗ ಆಗ್ತದ್ರಿ?"

ಅದೇ ಮಾತು. ತಲೆ ವಾಲಿಸುವ ರೀತಿಯೂ ಅದೇ. ನಾನು ಏನು ಉತ್ತರಿಸಿದೆ ಎಂಬುದು ನೆನಪಿಲ್ಲ, ಇದು ಆಗಿ ಇನ್ನೂ ಎರಡು ತಿಂಗಳೂ ಆಗಿಲ್ಲ. ತರಗತಿ ಬಿಟ್ಟ ಮೇಲೆ ವರಾಂಡದಲ್ಲಿ ತಡೆದು ಕೇಳಿದೆ, ಯಾರು ಹೇಳಿಕೊಟ್ಟರೆಂದು.

"ಅವ್ವ," ಎಂದಳು. ಹೊರಗೆ ಬಂದದ್ದೇ ಮೇಡಂ ಹೋಗಿ ದೊಡ್ಡವ್ವ ಆಗಿದ್ದೆ. "ಖರೇ ಅಂದ್ರ ನಿಮ್ಮದೇ ಅಂತಲ್ಲ ದೊಡ್ಡವ್ವಾ ಅದು? ನಮ್ಮಕ್ಕ ನನಗ ಕಲಿಸ್ಯಾಳ ಅಂತ ಅವ್ವ ಯಾವಾಗ್ಲೂ ಹೇಳ್ತಾಳ. ಪರಸಿ ಮ್ಯಾಲ ಬಳಪಾ ಹಿಡದು ಹೇಳಿಕೊಟ್ಟಿದ್ರಂತ ನೀವು. ಭಾಳ ಶಾಣ್ಯಾಕಿ ನಿಮ್ಮ ದೊಡ್ಡವ್ವ ಅಂತಾಳ."

ಹುಡುಗಿಯ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಹುಡುಕಿದೆ. ಅಭಿಮಾನ ಇತ್ತು.

ಮುಂದಿನ ಭಾನುವಾರ ವಾಡಿಗೆ ಹೋದೆ. ತಪ್ಪಾಯಿತು ಎಂದು ಹೇಳಲು ಹೋದದ್ದು, ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡಿದ್ದೆ. ನನಗೆ ಗೊತ್ತಿರುವುದು ಅದೊಂದೇ ರೀತಿ. ಕ್ವಾರ್ಟರ್ಸಿನ ಬಾಗಿಲು ತೆರೆದಿತ್ತು. ನೀಲಾ ನೆಲ ಒರೆಸುತ್ತಿದ್ದಳು. ಕೂದಲು ನನಗಿಂತ ಬೇಗ ಬೆಳ್ಳಗಾಗಿದೆ. "ಬಾ ಅಕ್ಕಾ, ಕುಂದ್ರು," ಎಂದಳು, ಬರುವುದು ಗೊತ್ತಿದ್ದವಳ ಹಾಗೆ. ಅಲ್ಲಿಯೂ ಅದೇ ಶಹಾಬಾದಿ ಪರಸಿ. ಕ್ವಾರ್ಟರ್ಸಿನ ಮಕ್ಕಳಿಗೆ ಆಕೆ ಗಣಿತ ಹೇಳಿಕೊಡುತ್ತಾಳೆಂದು ಕೇಳಿದ್ದೆ. ನೆಲದ ತುಂಬ ಬಳಪದ ಗೀಟು, ಅಂಕಿಗಳು. ಗೋಡೆಯ ಬದಿಗೆ ಸಾಲಾಗಿ ಐದು ಕಲ್ಲು, ಐದರಲ್ಲೂ ಮೈನಸ್. ಪಕ್ಕದ ಆರನೆಯ ಕಲ್ಲಿನಲ್ಲಿ ಮೊದಲನೆಯ ಕಲ್ಲಿನ ಅಂಕಿಯೇ ಇತ್ತು. ಮೈನಸ್ ಏಳು. ಒಂಬತ್ತಲ್ಲ.

ಬಾಯಿಪಾಠ ಮಾಡಿದ್ದು ಬಾಯಿಗೆ ಬರಲಿಲ್ಲ. ಕ್ಷಮೆ ಕೇಳಿದರೆ ಆಕೆ "ಇರಲಿ ಬಿಡು ಅಕ್ಕಾ" ಎನ್ನುತ್ತಿದ್ದಳೇನೋ. ಅದನ್ನೂ ಆಕೆಯ ಕೈಯಿಂದ ಇಸಿದುಕೊಳ್ಳುವ ಧೈರ್ಯವಾಗಲಿಲ್ಲ. ಬದಲಿಗೆ ಒಂದು ಪ್ರಶ್ನೆ ಬಂತು, ಕೇಳಿದೆ.

ಆಕೆ ಒದ್ದೆ ಬಟ್ಟೆ ಹಿಂಡಿ ಒಂದೊಂದೇ ಕಲ್ಲು ಒರೆಸುತ್ತ ಬಂದಳು. ಹೊರಗೆ ಗೂಡ್ಸ್ ಗಾಡಿ ಹೋಗುತ್ತಿತ್ತು, ಉದ್ದನೆಯದು. ಅದರ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಗಾಡಿ ದಾಟುವ ತನಕ ಕಾದು ಮತ್ತೊಮ್ಮೆ ಕೇಳಿದೆ. ಆರನೆಯ ಕಲ್ಲಿನ ಹತ್ತಿರ ಆಕೆಯ ಕೈ ನಿಂತಿತು. ನನ್ನ ಮುಖ ನೋಡಿದಳು; ಲ್ಯಾಬಿನಲ್ಲಿ ಅಂದು ನೋಡದೆ ಬಿಟ್ಟದ್ದನ್ನು ಈಗ ನೋಡುತ್ತಿರುವಂತೆ, ನಿಧಾನವಾಗಿ. ಆಮೇಲೆ ಒಳಗೆ ತಿರುಗಿ, "ಅಕ್ಷತಾ, ದೊಡ್ಡವ್ವಗ ನೀರ್ ಕೊಡು," ಎಂದಳು.

ಅದಾಗಿ ಮೂರು ಸಲ ವಾಡಿಗೆ ಹೋಗಿ ಬಂದಿದ್ದೇನೆ. ಊಟ ಮಾಡಿಸಿದ್ದಾಳೆ, ಬಸ್ ಸ್ಟ್ಯಾಂಡಿನ ತನಕ ಬಂದು ಬಿಟ್ಟಿದ್ದಾಳೆ. ತರಗತಿಯಲ್ಲಿ ನಾನು ಇನ್ನೂ ಆಕೆಯ ಹೆಸರು ಹೇಳಿಲ್ಲ. ಹೇಳಬೇಕಾದರೆ ಅಕ್ಷತಾಳ ಮುಂದೆಯೇ ಹೇಳಬೇಕು, ಅವಳ ತಾಯಿ ಇಷ್ಟು ವರ್ಷ ಅವಳಿಗೆ ಹೇಳಿದ್ದು ಸುಳ್ಳು ಎಂದೂ ಹೇಳಬೇಕು. ಅದಕ್ಕೆ ಮೊದಲು ನನಗೆ ಉತ್ತರ ಬೇಕು. ನಾನು ಆಕೆಯನ್ನು ಕೇಳಿದ್ದು ಇಷ್ಟೇ:

"ನೀಲಾ, ನಾ ಕಲಿಸಿದೆ ಅಂತ ಮಗಳಿಗಿ ಯಾಕ ಹೇಳ್ದಿ?"